ವಿದ್ಯಾರ್ಥಿಗಳ ಪತ್ರಿಕೆ ಮತ್ತು ಊರವರ ತಕರಾರು

(ಅಳ್ನಾವರದಲ್ಲಿ ನೆರೆದ ಅಧ್ಯಾಪಕರ ಮುಂದೆ ಮಾಡಿದ ಭಾಷಣ)



ನಾನು ಇಂದು ಎತ್ತಿಕೊಂಡ ವಿಷಯವು ಸಣ್ಣದೆಂದು ಕೆಲವರಿಗೆ ತೋರಬಹುದು. ಕಾಲೇಜಿನ ವಿದ್ಯಾರ್ಥಿಗಳು ಹೊರಡಿಸುವ ಪತ್ರಿಕೆಯ ಮೇಲೆ ತಕರಾರು ಬಂದಾಗ ಏನು ಮಾಡತಕ್ಕದ್ದು? ಇಷ್ಟೇ ಪ್ರಶ್ನೆ. ಗೋಡೆಗೆ ಅಂಟಿಸುವ ಭಿತ್ತಿಪತ್ರಿಕೆಯಿರಲಿ, ವರ್ಷಕ್ಕೊಮ್ಮೆ ಅಚ್ಚಾಗುವ ಸಂಚಿಕೆಯಿರಲಿ, ಮೊಬೈಲಿನಲ್ಲಿ ಕೈಯಿಂದ ಕೈಗೆ ಸಾಗುವ ಹಾಳೆಯಿರಲಿ, ಪ್ರಶ್ನೆ ಒಂದೇ. ಆದರೆ ಇದಕ್ಕೆ ನಾವು ಕೊಡುವ ಉತ್ತರದಿಂದಲೇ ಮುಂದಿನ ತಲೆಮಾರು ಬರೆಯಲು ಕಲಿಯುವದೋ, ಬರೆಯಲು ಅಂಜುವದೋ ಎಂಬುದು ನಿರ್ಧಾರವಾಗುವದು.

ಸಾಮಾನ್ಯವಾಗಿ ನಡೆಯುವದು ಹೀಗೆ. ವಸತಿಗೃಹದ ಊಟ ಸರಿಯಿಲ್ಲವೆಂದು ಒಬ್ಬ ವಿದ್ಯಾರ್ಥಿಯು ಭಿತ್ತಿಪತ್ರಿಕೆಯಲ್ಲಿ ಬರೆಯುವನು. ಇಲ್ಲವೆ ಜಾತ್ರೆಯ ಒಂದು ಪದ್ಧತಿಯನ್ನು ಒಬ್ಬ ವಿದ್ಯಾರ್ಥಿನಿಯು ಪ್ರಶ್ನಿಸುವಳು. ಮಧ್ಯಾಹ್ನದೊಳಗೆ ಅದರ ಚಿತ್ರವು ಮೊಬೈಲಿನ ಮೂಲಕ ಊರೆಲ್ಲ ಹರಡುವದು. ಸಂಜೆಗೆ ಪ್ರಿನ್ಸಿಪಾಲರಿಗೆ ಯಾರೋ ದೊಡ್ಡವರ ಫೋನು ಬರುವದು. ಮರುದಿನ ಬೆಳಿಗ್ಗೆ ಗೋಡೆ ಬರಿದಾಗಿರುವದು. ಬರೆದದ್ದು ಸುಳ್ಳೆಂದು ಯಾರೂ ತೋರಿಸಿಕೊಡಲಿಲ್ಲ. ನಿಜವೋ ಎಂದು ಯಾರೂ ವಿಚಾರಿಸಲೂ ಇಲ್ಲ. ಗದ್ದಲವಂತೂ ತಪ್ಪಿತೆಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುವರು.

ಆದರೆ ಆ ಒಂದು ದಿನದಲ್ಲಿ ಮೂವರು ಮೂರು ಪಾಠ ಕಲಿತರು. ಫೋನು ಮಾಡಿದವರು, ಕಾರಣ ಹೇಳದೆ ಜೋರುಮಾಡಿದರೆ ಸಾಕೆಂದು ಕಲಿತರು. ಬರೆದ ಹುಡುಗನು, ನಿಜ-ಸುಳ್ಳುಗಳಿಗೆ ಬೆಲೆಯಿಲ್ಲವೆಂದು ಕಲಿತನು. ಪತ್ರಿಕೆಯ ಹೊಣೆ ಹೊತ್ತ ಅಧ್ಯಾಪಕರು, ಮುಂದಿನ ವರ್ಷ ಈ ಗೊಡವೆಯೇ ಬೇಡವೆಂದು ಕಲಿತರು. ಅಂದಿನಿಂದ ಸಂಚಿಕೆಯಲ್ಲಿ ಉಳಿಯುವದೇನು? ಪ್ರಿನ್ಸಿಪಾಲರ ಸಂದೇಶ, ಸ್ನೇಹಸಮ್ಮೇಳನದ ಭಾವಚಿತ್ರಗಳು, ಪಾರಿತೋಷಕ ಪಡೆದವರ ಯಾದಿ.

ನಮ್ಮ ನಾಡಿನಲ್ಲಿ ಕಾಲೇಜಿನ ಪತ್ರಿಕೆ ಇಷ್ಟಕ್ಕೇ ನಿಂತದ್ದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ನೂರು ವರ್ಷಗಳ ಹಿಂದೆ ಹೊರಟ 'ಪ್ರಬುದ್ಧ ಕರ್ನಾಟಕ'ವನ್ನು ನೆನೆಯಿರಿ. ಎ. ಆರ್. ಕೃಷ್ಣಶಾಸ್ತ್ರಿಗಳಂಥ ಅಧ್ಯಾಪಕರು ಅದಕ್ಕೆ ಬೆನ್ನಾಗಿ ನಿಂತರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವು ಅದನ್ನು ತನ್ನದಾಗಿ ಮಾಡಿಕೊಂಡಿತು. ಒಂದು ಕಾಲೇಜಿನ ಸಂಘದ ಪತ್ರಿಕೆಯು ಹೊಸಗನ್ನಡ ಸಾಹಿತ್ಯದ ಒಂದು ಅಂಗಳವಾಯಿತು. ಇಂಥ ಅಂಗಳವು ಊರೂರಿನ ಕಾಲೇಜಿನಲ್ಲಿಯೂ ಇರಬೇಕಾದರೆ, ತಕರಾರನ್ನು ನಡೆಸಿಕೊಳ್ಳುವ ರೀತಿಯನ್ನು ನಾವು ಕಲಿಯಬೇಕು.

ಆ ರೀತಿಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಅಳ್ನಾವರವು ರೇಲ್ವೆ ಜಂಕ್ಷನ್; ಲೋಂಡಾ-ಹುಬ್ಬಳ್ಳಿಯ ಹಾದಿಯಿಂದ ದಾಂಡೇಲಿಯ ಕಡೆಗೆ ಕವಲು ಒಡೆಯುವದು ಇಲ್ಲಿಯೇ. ಸ್ಟೇಶನ್ನಿನಲ್ಲಿ ತಕರಾರಿನ ಪುಸ್ತಕವನ್ನಿಡುವ ಪದ್ಧತಿಯು ರೇಲ್ವೆಯಲ್ಲಿ ಬಹು ಹಳೆಯದು. ಪ್ರಯಾಣಿಕನು ತನ್ನ ಹೆಸರು ಹಾಕಿ, ಏನು ನಡೆಯಿತೆಂಬುದನ್ನು ಅದರಲ್ಲಿ ಬರೆಯುವನು. ಮೇಲಿನವರು ವಿಚಾರಣೆ ಮಾಡಿ ಉತ್ತರ ಕೊಡುವರು. ತಕರಾರು ಬಂದಿತೆಂದು ಯಾರೂ ಗಾಡಿಯನ್ನು ನಿಲ್ಲಿಸುವದಿಲ್ಲ. ಗಾಡಿ ನಡೆದಿದೆಯೆಂದು ತಕರಾರನ್ನು ಹರಿದೊಗೆಯುವದೂ ಇಲ್ಲ.

ದೊಡ್ಡ ಪತ್ರಿಕೆಗಳ ವಿಷಯದಲ್ಲಿಯೂ ನಮ್ಮ ದೇಶವು ಇದೇ ತತ್ವವನ್ನು ಒಪ್ಪಿಕೊಂಡಿದೆ. 1978ರ ಕಾಯಿದೆಯಂತೆ ಏರ್ಪಟ್ಟ ಭಾರತದ ಪತ್ರಿಕಾ ಮಂಡಳಿಗೆ ತಕರಾರು ಸಲ್ಲಿಸುವವರು ಮೊದಲು ಸಂಪಾದಕರಿಗೇ ಬರೆದು ಉತ್ತರ ಕೇಳಬೇಕು. ದಿನಪತ್ರಿಕೆ, ವಾರಪತ್ರಿಕೆಗಳ ಮೇಲಿನ ತಕರಾರು ಪ್ರಕಟವಾದ 2 ತಿಂಗಳೊಳಗೆ, ಮಿಕ್ಕವುಗಳ ಮೇಲಿನದು 4 ತಿಂಗಳೊಳಗೆ ಬರಬೇಕು. ಇಬ್ಬರ ಮಾತನ್ನೂ ಕೇಳಿದ ಮೇಲೆ ಮಂಡಳಿಯು ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ನಡತೆಯನ್ನು ಖಂಡಿಸಬಹುದು. ದಂಡ ವಿಧಿಸುವ ಅಥವಾ ಪತ್ರಿಕೆಯನ್ನು ಮುಚ್ಚಿಸುವ ಅಧಿಕಾರವು ಅದಕ್ಕಿಲ್ಲ. ಲಕ್ಷಗಟ್ಟಲೆ ಪ್ರತಿಗಳ ಪತ್ರಿಕೆಗೆ ಸಲ್ಲುವ ಈ ಸಹನೆಯು ಒಂದು ಗೋಡೆಯ ಹಾಳೆಗೆ ಸಲ್ಲಬಾರದೇಕೆ?

ಇನ್ನು ತಕರಾರುಗಳೆಲ್ಲ ಒಂದೇ ಜಾತಿಯವಲ್ಲ. ಅವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರೆ ಅರ್ಧ ಕೆಲಸವಾದಂತೆ.

ಮೊದಲನೆಯದು, ಸಂಗತಿಯಲ್ಲಿ ತಪ್ಪಿದೆಯೆಂಬ ತಕರಾರು. ಇದಕ್ಕೆ ಮದ್ದು ತಿದ್ದುಪಡಿ. ತಪ್ಪು ಎಲ್ಲಿ ಪ್ರಕಟವಾಯಿತೋ ಅಲ್ಲಿಯೇ, ಅಷ್ಟೇ ಎದ್ದುಕಾಣುವಂತೆ, ಸಂಪಾದಕನೇ ಅದನ್ನು ತಿದ್ದಬೇಕು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಮುಚ್ಚಿಡಬಾರದು.

ಎರಡನೆಯದು, ಅಭಿಪ್ರಾಯವು ಒಪ್ಪಿಗೆಯಿಲ್ಲವೆಂಬ ತಕರಾರು. ಇದಕ್ಕೆ ಮದ್ದು ಪ್ರತ್ಯುತ್ತರ. ಜಾತ್ರೆಯ ವಿಷಯದ ಲೇಖನದಿಂದ ನೊಂದ ಹಿರಿಯರಿಗೆ ಅದೇ ಗೋಡೆಯ ಮೇಲೆ ಅಷ್ಟೇ ಜಾಗ ಕೊಡಿರಿ. ಹಿರಿಯರ ಬರಹಕ್ಕೆ ಹುಡುಗಿಯ ಬರಹವು ಎದುರಾಗಿ ನಿಂತರೆ ಓದುವವನು ತಾನೇ ತೂಗಿ ನೋಡುವನು.

ಮೂರನೆಯದು, ವ್ಯಕ್ತಿಯ ಮಾನಕ್ಕೆ ಅಥವಾ ಮನೆಯ ಗುಟ್ಟಿಗೆ ಪೆಟ್ಟು ಬಿದ್ದಿತೆಂಬ ತಕರಾರು. ಇಲ್ಲಿ ತಡಮಾಡಬಾರದು. ಒಬ್ಬಳ ಕಾಯಿಲೆ, ಒಬ್ಬನ ಜಾತಿ, ಒಂದು ಮನೆಯ ಜಗಳ ಇವು ಪತ್ರಿಕೆಯ ಸೊತ್ತಲ್ಲ. ಅಂಥ ಭಾಗವನ್ನು ತೆಗೆದು ಕ್ಷಮೆ ಕೇಳುವದೇ ಧರ್ಮ. ವಿದ್ಯಾರ್ಥಿಯೆಂಬ ಕಾರಣಕ್ಕೆ ಮಾನಹಾನಿಯ ಕಾನೂನು ಯಾರನ್ನೂ ಬಿಡುವದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಅಪರಾಧವಾಗಿಯೇ ಇದೆ.

ನಾಲ್ಕನೆಯದು, ಕಾಲೇಜಿಗೆ ಕೆಟ್ಟ ಹೆಸರು ಬಂದಿತೆಂಬ ತಕರಾರು. ಇದು ಸಂಖ್ಯೆಯಲ್ಲಿ ಹೆಚ್ಚು, ಹುರುಳಿನಲ್ಲಿ ಕಡಿಮೆ. ವಸತಿಗೃಹದ ಊಟ ಸರಿಯಿಲ್ಲವೆಂದು ಬರೆದರೆ, ಪ್ರಿನ್ಸಿಪಾಲರು ಹೋಗಿ ನೋಡಬೇಕಾದದ್ದು ವಸತಿಗೃಹದ ಅಡಿಗೆಮನೆಯನ್ನು.

ಈ ವಿಂಗಡಣೆಯಿಲ್ಲದೆ ನಡೆದರೆ ಏನಾಗುವದೆಂಬುದಕ್ಕೆ ಅಮೇರಿಕದ ಒಂದು ಪ್ರಕರಣವು ಸಾಕ್ಷಿ. 1983ರಲ್ಲಿ ಮಿಸೂರಿ ಸಂಸ್ಥಾನದ ಹೇಝಲ್‌ವುಡ್ ಈಸ್ಟ್ ಹೈಸ್ಕೂಲಿನ 'ಸ್ಪೆಕ್ಟ್ರಮ್' ಎಂಬ ವಿದ್ಯಾರ್ಥಿ ಪತ್ರಿಕೆಗೆ ಎರಡು ಲೇಖನಗಳು ಸಿದ್ಧವಾದವು: ಒಂದು ಶಾಲೆಯ ಗರ್ಭಿಣಿ ಹುಡುಗಿಯರನ್ನು ಕುರಿತು, ಇನ್ನೊಂದು ತಂದೆತಾಯಿಗಳ ವಿಚ್ಛೇದನವನ್ನು ಕುರಿತು. ಹುಡುಗಿಯರ ಗುರುತು ಸಿಗಬಹುದೆಂದೂ, ದೂಷಣೆಗೊಳಗಾದ ತಂದೆಗೆ ಉತ್ತರ ಹೇಳಲು ಅವಕಾಶ ದೊರೆತಿಲ್ಲವೆಂದೂ ಪ್ರಿನ್ಸಿಪಾಲರು ಆಕ್ಷೇಪಿಸಿದರು. ಆಕ್ಷೇಪವು ಸುಳ್ಳಾಗಿರಲಿಲ್ಲ, ನಾನು ಹೇಳಿದ ಮೂರನೆಯ ಬಗೆಯದೇ ಅದು. ಆದರೆ ತಿದ್ದಲು ಸಮಯವಿಲ್ಲವೆಂದು ಭಾವಿಸಿ ಅವರು ಎರಡು ಪುಟಗಳನ್ನೇ ಕಿತ್ತುಹಾಕಿಸಿದರು. ಅವುಗಳೊಡನೆ ನಿರ್ದೋಷವಾದ ಬೇರೆ ಲೇಖನಗಳೂ ಹೋದವು. ವಿದ್ಯಾರ್ಥಿಗಳಿಗೆ ಇದು ತಿಳಿದದ್ದು ಪತ್ರಿಕೆ ಕೈಗೆ ಬಂದ ಮೇಲೆ. 1988ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು 5-3ರ ಬಹುಮತದಿಂದ ಪ್ರಿನ್ಸಿಪಾಲರ ಪಕ್ಷವನ್ನೇ ಎತ್ತಿಹಿಡಿಯಿತು. ಕಾಲೇಜುಗಳಿಗೂ ಇದೇ ಅಳತೆ ಸಲ್ಲುವದೋ ಎಂಬುದನ್ನು ಬಗೆಹರಿಸದೆ ಬಿಟ್ಟಿತು. ಕ್ಯಾಲಿಫೋರ್ನಿಯಾ ಸಂಸ್ಥಾನವು 2006ರಲ್ಲಿ ಕಾನೂನು ಮಾಡಿ, ಸರಕಾರಿ ಕಾಲೇಜುಗಳಲ್ಲಿ ವಿದ್ಯಾರ್ಥಿ ಪತ್ರಿಕೆಯನ್ನು ಮುಂಚಿತವಾಗಿ ತಡೆಯುವದಕ್ಕೆ ಆಸ್ಪದ ಇಲ್ಲದಂತೆ ಮಾಡಿತು. ಊರವರ ಮಕ್ಕಳಿಗಾಗಿಯೇ ಇರುವ ಅಲ್ಲಿಯ ಕಮ್ಯುನಿಟಿ ಕಾಲೇಜುಗಳೂ ಅದರೊಳಗೆ ಬರುವವು. ನಮ್ಮ ತಾಲೂಕುಗಳ ಪ್ರಥಮ ದರ್ಜೆ ಕಾಲೇಜುಗಳಿಗೆ ಅವು ಹತ್ತಿರದ ಹೋಲಿಕೆ.

ನಮ್ಮ ದೇಶದ್ದೇ ಬೇಕೆಂದರೆ ಅದೂ ಇದೆ. 2015ರಲ್ಲಿ ದಿಲ್ಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನ ವಿದ್ಯಾರ್ಥಿಗಳು ಅಂತರ್ಜಾಲದಲ್ಲಿ ವಾರಪತ್ರಿಕೆಯೊಂದನ್ನು ಆರಂಭಿಸಿದರು. ಪ್ರಿನ್ಸಿಪಾಲರ ಸಂದರ್ಶನವನ್ನು ಅವರ ಒಪ್ಪಿಗೆ ಬರುವ ಮುನ್ನವೇ ಪ್ರಕಟಿಸಿದರೆಂಬ ಆಕ್ಷೇಪ ಬಂದಿತು. ಪತ್ರಿಕೆಗೆ ತಡೆ ಬಿದ್ದಿತು; ಒಬ್ಬ ವಿದ್ಯಾರ್ಥಿಯು ಅಮಾನತಾದನು. ಏಪ್ರಿಲ್ ತಿಂಗಳಲ್ಲಿ ದಿಲ್ಲಿಯ ಹೈಕೋರ್ಟು ಆ ಅಮಾನತನ್ನು ತಡೆಹಿಡಿಯಿತು. ಒಂದು ಪತ್ರ, ಒಂದು ಉತ್ತರದಲ್ಲಿ ಮುಗಿಯಬಹುದಾಗಿದ್ದ ವಿಷಯವು ನ್ಯಾಯಾಲಯದ ಮೆಟ್ಟಿಲು ಹತ್ತಿತು.

'ಹಾಗಾದರೆ ಅಚ್ಚಿಗೆ ಮೊದಲೇ ನಮಗೆ ತೋರಿಸಲಿ, ಗೊಂದಲವೇ ಇರುವದಿಲ್ಲ' ಎಂದು ಕೆಲವರು ಹೇಳುವರು. 1878ರ ದೇಶಭಾಷಾ ಪತ್ರಿಕೆಗಳ ಕಾಯಿದೆಯಲ್ಲಿಯೂ, ಪ್ರೂಫನ್ನು ಅಧಿಕಾರಿಗೆ ಮೊದಲೇ ತೋರಿಸಿದರೆ ಮುಚ್ಚಳಿಕೆಯಿಂದ ವಿನಾಯಿತಿಯೆಂಬ ಕಲಮು ಇತ್ತು. ಆ ಕಲಮನ್ನು ಬ್ರಿಟಿಷ್ ಸರಕಾರವೇ ಬೇಗ ಕೈಬಿಡಬೇಕಾಯಿತು. ರಿಪನ್ನನ ಕಾಲದಲ್ಲಿ ಇಡಿಯ ಕಾಯಿದೆಯೇ ರದ್ದಾಯಿತು. ಪರಕೀಯರಿಂದ ನಾವು ಸಹಿಸದ ನಡೆಯನ್ನು ನಮ್ಮ ಮಕ್ಕಳ ಮೇಲೆ ಹೇರುವದು ಯೋಗ್ಯವಲ್ಲ. ಅಧ್ಯಾಪಕನು ಬರಹವನ್ನು ನೋಡಿ ಸಲಹೆ ಕೊಡಲಿ, 'ಇದಕ್ಕೆ ಆಧಾರವೇನು? ಎದುರು ಪಕ್ಷದವರನ್ನು ಕೇಳಿದೆಯಾ?' ಎಂದು ವಿಚಾರಿಸಲಿ. ಕೊನೆಯ ನಿರ್ಣಯವೂ ಅದರ ಹೊಣೆಯೂ ವಿದ್ಯಾರ್ಥಿ ಸಂಪಾದಕನದಾಗಿರಲಿ. ಸಂವಿಧಾನದ 19ನೆಯ ಅನುಚ್ಛೇದವು ಮಾತಿನ ಸ್ವಾತಂತ್ರ್ಯವನ್ನು ಕೊಟ್ಟು, ಅದರ ಮೇರೆಯನ್ನೂ ಹೇಳಿದೆ. ಆ ಮೇರೆಯಲ್ಲಿ ಮಾನಹಾನಿ, ಸಾರ್ವಜನಿಕ ಸುವ್ಯವಸ್ಥೆಗಳಿವೆ, ಪ್ರಿನ್ಸಿಪಾಲರ ಮುಜುಗರವಿಲ್ಲ.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ತಕರಾರು ಮಾಡಿದವನನ್ನು ವೈರಿಯೆಂದು ತಿಳಿಯಬೇಡಿರಿ. ಅವನು ನಿಮ್ಮನ್ನು ಓದಿದ್ದಾನೆ. ಹೆಸರಿಲ್ಲದೆ ಬರೆದು ಅಡಗಿಕೊಳ್ಳಬೇಡಿರಿ. ಕೇಳಿದ್ದನ್ನು ಕಂಡಂತೆ ಬರೆಯಬೇಡಿರಿ. ತಪ್ಪಾದರೆ ನೀವಾಗಿಯೇ ತಿದ್ದಿರಿ. ಸರಿಯಿದ್ದರೆ ಸಭ್ಯತೆಯಿಂದ ನಿಲ್ಲಿರಿ.

ಕೊನೆಗೆ, ಈ ಸಭೆಯಿಂದ ನಾನು ಬೇಡುವದು ಬಹಳವಿಲ್ಲ. ಪ್ರತಿಯೊಂದು ಕಾಲೇಜಿನಲ್ಲಿ ತಕರಾರಿನ ಒಂದು ವಹಿಯಿರಲಿ. ತಕರಾರು ಬರಹದಲ್ಲಿ, ಸಹಿಯೊಡನೆ ಬರಲಿ. ಫೋನಿನ ಮಾತಿಗೆ 'ದಯವಿಟ್ಟು ಬರೆದು ಕೊಡಿರಿ' ಎಂಬುದೇ ಉತ್ತರವಾಗಲಿ. ಸಂಪಾದಕನು ಒಂದು ವಾರದೊಳಗೆ ಉತ್ತರ ಬರೆಯಲಿ. ಅದರಿಂದ ತೃಪ್ತಿಯಾಗದಿದ್ದರೆ ಇಬ್ಬರು ಅಧ್ಯಾಪಕರು, ಇಬ್ಬರು ವಿದ್ಯಾರ್ಥಿಗಳು, ಊರಿನ ಒಬ್ಬ ಓದುಗರು ಕೂಡಿ ವಿಚಾರಿಸಿ, ಕಾರಣ ಬರೆದು ನಿರ್ಣಯ ಕೊಡಲಿ. ವಿಚಾರಣೆ ಮುಗಿಯುವವರೆಗೆ ಗೋಡೆಯ ಮೇಲಿನ ಹಾಳೆಯು ಗೋಡೆಯ ಮೇಲೆಯೇ ಇರಲಿ. ವ್ಯಕ್ತಿಯ ಗುಟ್ಟು ಹೊರಬಿದ್ದ ಪ್ರಸಂಗವೊಂದೇ ಇದಕ್ಕೆ ಅಪವಾದ. ಇದಕ್ಕೆ ಸರಕಾರದ ಅಪ್ಪಣೆ ಬೇಡ, ಹಣ ಬೇಡ. ಒಂದು ನೋಟಬುಕ್ಕೂ, ಪ್ರಿನ್ಸಿಪಾಲರ ಸ್ವಲ್ಪ ಧೈರ್ಯವೂ ಸಾಕು. ಬರುವ ಶಾಲಾವರ್ಷದ ಮೊದಲನೆಯ ಭಿತ್ತಿಪತ್ರಿಕೆ ಹೊರಡುವ ಮುಂಚೆ ಅವೆರಡೂ ಸಿದ್ಧವಾಗಿರಲಿ ಎಂದು ಬೇಡಿಕೊಂಡು ನನ್ನ ಮಾತನ್ನು ಮುಗಿಸುವೆನು.