ಜಿಪ್ಸಿಯ ‘ನಕಲ್’ ಬಗ್ಗಿದ್ರೆ ಬಡಿಸ್ಬೇಡಿ, ಬದಲಾಯಿಸಿ

ಇವತ್ತು ಸ್ಟೀರಿಂಗ್ ನಕಲ್ ಬಗ್ಗೆ ಮಾತಾಡೋಣ. ಪರೀಕ್ಷೆಲಿ ಹೊಡೆಯೋ ನಕಲು ಅಲ್ಲ ಇದು! ಇಂಗ್ಲಿಷಲ್ಲಿ ನಕಲ್ ಅಂದ್ರೆ ಬೆರಳಿನ ಗೆಣ್ಣು. ಗೆಣ್ಣಿನ ಹತ್ರ ಬೆರಳು ಮಡಚೋ ಹಾಗೆ, ಗಾಡಿಯ ಮುಂದಿನ ಚಕ್ರ ಎಡಕ್ಕೆ, ಬಲಕ್ಕೆ ತಿರುಗೋದು ಈ ಭಾಗದಿಂದ.

ಮಾರುತಿ ಜಿಪ್ಸಿಯನ್ನೇ ತಗೊಳ್ಳಿ. 1985ರಲ್ಲಿ ಬಂದ ಈ ಗಾಡಿಯನ್ನು ಜನಸಾಮಾನ್ಯರಿಗೆ ಮಾರೋದು 2019ರಲ್ಲಿ ನಿಂತಿತು. ಹಾಗಾಗಿ ಈಗ ನೀವು ಕೊಳ್ಳೋದು ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ. ಹಿಂದಿನ ಮಾಲೀಕರು ಅದನ್ನು ಯಾವ ಬಂಡೆಗೆ ಹತ್ತಿಸಿದ್ರೋ, ಯಾವ ಗುಂಡಿಗೆ ಇಳಿಸಿದ್ರೋ!

ಸ್ಟೀರಿಂಗ್ ಗಡಗಡ ನಡುಗಿದ ಕೂಡಲೇ ನಕಲ್ ಹೋಗಿದೆ ಅನ್ಕೋಬೇಡಿ. ಚಕ್ರ ಮೇಲೆತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಕಂಡ್ರೆ, ಸ್ನೇಹಿತರಿಗೆ ಬ್ರೇಕ್ ಒತ್ತೋಕೆ ಹೇಳಿ. ಆಗ ಆಟ ನಿಂತ್ರೆ ವೀಲ್ ಬೇರಿಂಗ್ ಸಡಿಲವಾಗಿದೆ. ಆಗಲೂ ಅಲ್ಲಾಡಿದ್ರೆ ಕಿಂಗ್‌ಪಿನ್ ಬೇರಿಂಗ್ ನೋಡಿ. ಬಿರುಕು ಇದ್ರೆ, ಬಗ್ಗಿದ್ರೆ, ಬೇರಿಂಗ್ ಕೂರೋ ಜಾಗ ಸವೆದಿದ್ರೆ ಮಾತ್ರ ನಕಲ್ ಬದಲಿಸ್ಬೇಕು.

ಜಿಪ್ಸಿಯಲ್ಲಿ ಅಲೈನ್‌ಮೆಂಟ್ ಮಾಡುವಾಗ ಹೊಂದಿಸೋಕೆ ಆಗೋದು ಟೋ ಒಂದೇ. ಚಕ್ರದ ಓರೆ, ಅಂದ್ರೆ ಕ್ಯಾಂಬರ್, ಒಂದು ಕಡೆ ತಪ್ಪಿದ್ರೆ ನಕಲ್ ಅಥವಾ ಆಕ್ಸಲ್ ಬಗ್ಗಿರಬಹುದು.

“ಕಾಯಿಸಿ ಬಡಿದು ನೇರ ಮಾಡೋಣ, ವೆಲ್ಡಿಂಗ್ ಹಾಕೋಣ” ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ. ಶಾಖಕ್ಕೆ ಲೋಹದ ಬಲ ಕುಗ್ಗುತ್ತೆ, ಕಣ್ಣಿಗೆ ಕಾಣದ ಬಿರುಕು ಉಳಿಯುತ್ತೆ. ಚಾರ್ಮಾಡಿ ಘಾಟಿಯ ತಿರುವಲ್ಲಿ ಅದು ಮುರಿದ್ರೆ ಸ್ಟೀರಿಂಗ್ ನಿಮ್ಮ ಕೈಲಿರುತ್ತೆ, ಚಕ್ರ ನಿಮ್ಮ ಮಾತು ಕೇಳಲ್ಲ.

ಈಗ ಕೆಲಸದ ಕ್ರಮ. ಸಮತಟ್ಟಾದ ನೆಲ, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು, ಆಕ್ಸಲ್ ಕೆಳಗೆ ಸ್ಟ್ಯಾಂಡ್. ಬರೀ ಜಾಕ್ ನಂಬಿ ಕೈ ಹಾಕ್ಬೇಡಿ. ಚಕ್ರ ಬಿಚ್ಚಿದ ಮೇಲೆ ಬ್ರೇಕ್ ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿಡಿ, ಹೋಸ್‌ನಲ್ಲಿ ಜೋತಾಡಬಾರದು. ಹಬ್, ಸ್ಪಿಂಡಲ್, ಆಕ್ಸಲ್ ಶಾಫ್ಟ್, ಟೈ ರಾಡ್ ತುದಿ, ಹಿಂಬದಿಯ ಸೀಲ್ ತೆಗೆದ ಮೇಲೆ ಮೇಲಿನ ಮತ್ತು ಕೆಳಗಿನ ಕಿಂಗ್‌ಪಿನ್ ಬಿಚ್ಚಿ. ಅವುಗಳ ಜೊತೆ ಇರೋ ಶಿಮ್ ಅನ್ನೋ ತೆಳು ತಗಡುಗಳನ್ನು ಅದಲುಬದಲಾಗದ ಹಾಗೆ ಗುರುತು ಹಾಕಿ ಇಡಿ. ಬೇರಿಂಗ್ ಎಷ್ಟು ಬಿಗಿಯಾಗಿರ್ಬೇಕು ಅನ್ನೋದನ್ನ ಅವೇ ತೀರ್ಮಾನಿಸೋದು.

ಜೋಡಿಸುವಾಗ ಹೊಸ ಬೇರಿಂಗ್, ಹೊಸ ಸೀಲ್, ಹೊಸ ಗ್ರೀಸ್ ಹಾಕಿ. ಸೀಲ್ ಹಾಕೋ ಮುಂಚೆ ಸ್ಪ್ರಿಂಗ್ ತಕ್ಕಡಿಯಿಂದ ನಕಲ್ ಎಳೆದು ಬಿಗಿ ನೋಡಿ. ಸಡಿಲ ಬಿಟ್ರೆ ನಡುಕ ವಾಪಸ್ ಬರುತ್ತೆ, ಅತಿ ಬಿಗಿಯಾದ್ರೆ ಸ್ಟೀರಿಂಗ್ ಭಾರವಾಗುತ್ತೆ. ಬೋಲ್ಟ್‌ಗಳನ್ನು ಮ್ಯಾನುಯಲ್ ಅಳತೆಗೆ ಟಾರ್ಕ್ ರೆಂಚಲ್ಲೇ ಬಿಗಿ ಮಾಡಿ. ಟೈ ರಾಡ್‌ಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ.

ಮೊದಲ ಸಲ ಮಾಡೋರು ಅನುಭವಿ ಮೆಕ್ಯಾನಿಕ್ ಜೊತೆ ನಿಂತು ಮಾಡಿ. ಗ್ಯಾರೇಜಿಗೆ ಕೊಡೋರು, ಬಿಚ್ಚಿದ ಹಳೇ ನಕಲ್ ತೋರಿಸಿ ಅಂತ ಕೇಳಿ ನೋಡಿ. ಮುಂದಿನ ವಾರ ಸಿಗೋಣ.