ಕನಕಾಂಬರ ಮತ್ತು ಸುಗಂಧರಾಜ: ಯಾವ ಜಮೀನಿಗೆ ಯಾವುದು ಸರಿ?

(ಹೆಡತಲೆ ಸುತ್ತಿನ ಹೂ ಬೆಳೆಗಾರರಿಗಾಗಿ ಮಾಡಿದ ಭಾಷಣದ ಪಾಠ)



ಹೆಡತಲೆಯ ಲಕ್ಷ್ಮೀಕಾಂತಸ್ವಾಮಿ ದೇವಾಲಯದಲ್ಲಿ ಲಕ್ಷ್ಮೀಕಾಂತ, ವೇಣುಗೋಪಾಲ, ಲಕ್ಷ್ಮೀನರಸಿಂಹ ಎಂದು ಮೂರು ಗರ್ಭಗುಡಿಗಳಿವೆ. ಅತ್ತ ನಂಜನಗೂಡಿನಲ್ಲಿ ಶ್ರೀಕಂಠೇಶ್ವರ, ಇತ್ತ ತಿರುಮಕೂಡಲು ನರಸೀಪುರದಲ್ಲಿ ಗುಂಜಾ ನರಸಿಂಹ. ಸ್ವಲ್ಪ ದೂರ ಹೋದರೆ ಮೈಸೂರಿನ ದೇವರಾಜ ಮಾರುಕಟ್ಟೆ. ಆದ್ದರಿಂದ ಈ ಸೀಮೆಯಲ್ಲಿ ಹೂವಿಗೆ ಗಿರಾಕಿ ಇಲ್ಲವೆಂಬ ಮಾತಿಲ್ಲ. ಬಾವಿಯ ಪಕ್ಕದಲ್ಲಿರುವ ಹತ್ತು ಗುಂಟೆಗೆ ಕನಕಾಂಬರ ಹಾಕಬೇಕೋ, ಸುಗಂಧರಾಜ ಹಾಕಬೇಕೋ ಎಂಬುದೇ ಸಣ್ಣ ರೈತನ ಮುಂದಿರುವ ಪ್ರಶ್ನೆ. ಎರಡೂ ಒಮ್ಮೆ ನೆಟ್ಟರೆ ಎರಡು ಮೂರು ವರ್ಷ ನಿಲ್ಲುವ ಬೆಳೆಗಳು. ಆರಿಸುವಾಗ ತಪ್ಪಿದರೆ ಅಷ್ಟು ವರ್ಷವೂ ನಷ್ಟವೇ.

ಗುಣ ಲಕ್ಷಣಗಳು

ಕನಕಾಂಬರ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಗಿಡ. ಹೂವಿಗೆ ವಾಸನೆಯಿಲ್ಲ, ಆದರೆ ಬಣ್ಣವಿದೆ, ಹಗುರವಾಗಿದೆ, ಮುಡಿದರೆ ಬೇಗ ಬಾಡುವುದಿಲ್ಲ. ತೆನೆಯ ಬುಡದಿಂದ ತುದಿಯವರೆಗೆ ಸಾಲಾಗಿ ಅರಳುತ್ತಾ ಹೋಗುತ್ತದೆ. ಒಂದು ತೆನೆ ಮುಗಿಯಲು ಎರಡು ಮೂರು ವಾರ ಹಿಡಿಯುತ್ತದೆ. ನೀರಿದ್ದರೆ ವರ್ಷವಿಡೀ ಹೂ ಇರುತ್ತದೆ, ಜೋರು ಮಳೆಯಲ್ಲಿ ಮಾತ್ರ ಕಡಿಮೆಯಾಗುತ್ತದೆ.

ಸುಗಂಧರಾಜ ಮೆಕ್ಸಿಕೋ ದೇಶದಿಂದ ಬಂದ ಗಡ್ಡೆಯ ಗಿಡ. ಸಂಜೆ ಅರಳಿ ರಾತ್ರಿಯೆಲ್ಲಾ ಪರಿಮಳ ಬೀರುತ್ತದೆ. ಒಂದೇ ಸುತ್ತು ಎಸಳಿನದು ಒಂಟಿ ಜಾತಿ, ಹಲವು ಸುತ್ತಿನದು ಜೋಡಿ ಜಾತಿ. ಹಾರಕ್ಕೆ ಮತ್ತು ಸುಗಂಧದ್ರವ್ಯ ತೆಗೆಯಲು ಬೇಕಾದುದು ಒಂಟಿ. ಹೂದಾನಿಗೆ, ಮಂಟಪದ ಅಲಂಕಾರಕ್ಕೆ ಕಾಂಡ ಸಮೇತ ಹೋಗುವುದು ಜೋಡಿ. ಬಿಡಿ ಹೂ ಮಾರುವ ರೈತ ತಿಳಿಯದೆ ಜೋಡಿಯ ಗಡ್ಡೆ ತಂದರೆ ಹಾರ ಕಟ್ಟುವವರು ಅದನ್ನು ಕೇಳುವುದಿಲ್ಲ. ಗಡ್ಡೆ ಕೊಳ್ಳುವ ಮೊದಲು ಆ ತೋಟದಲ್ಲಿ ಹೂ ಇರುವಾಗ ಹೋಗಿ ನೋಡಿ ಬರುವುದು ಒಳ್ಳೆಯದು.

ಮಣ್ಣು ಮತ್ತು ನೆರಳು

ಎರಡಕ್ಕೂ ನೀರು ಬಸಿದು ಹೋಗುವ ಕೆಂಪು ಗೋಡು ಮಣ್ಣು ಉತ್ತಮ. ನಂಜನಗೂಡು ತಾಲ್ಲೂಕಿನಲ್ಲಿ ಕೆಂಪು ಭೂಮಿಯೂ ಇದೆ, ಕಪ್ಪು ಭೂಮಿಯೂ ಇದೆ. ಸುಣ್ಣದ ಅಂಶ ಹೆಚ್ಚಾದ ಕಪ್ಪು ಭೂಮಿಯಲ್ಲಿ ಕನಕಾಂಬರದ ಎಳೆಯ ಎಲೆಗಳು ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತವೆ. ಇದು ರೋಗವಲ್ಲ, ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಬೆರೆಸಿ ಸಿಂಪಡಿಸಿದರೆ ಸರಿಹೋಗುತ್ತದೆ. ಸುಗಂಧರಾಜಕ್ಕೆ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ತೆಂಗಿನ ತೋಟದ ತೆಳು ನೆರಳನ್ನು ಕನಕಾಂಬರ ಸಹಿಸುತ್ತದೆ. ಸುಗಂಧರಾಜಕ್ಕೆ ಬಯಲು ಬಿಸಿಲೇ ಬೇಕು.

ನಾಟಿ ಮತ್ತು ಗೊಬ್ಬರ

ಕನಕಾಂಬರದ ಸಾಮಾನ್ಯ ತಳಿಗಳನ್ನು ಬೀಜದಿಂದ ಬೆಳೆಸಬಹುದು. ಹತ್ತು ಗುಂಟೆಗೆ ಅರ್ಧ ಕಿಲೋ ಬೀಜ ಸಾಕು. ಒಣಗಿದ ತೆನೆಗೆ ನೀರು ತಾಕಿದರೆ ಕಾಯಿ ಸಿಡಿದು ಬೀಜ ಚೆಲ್ಲಿಹೋಗುತ್ತದೆ. ಬೀಜಕ್ಕೆ ಬಿಟ್ಟ ತೆನೆಗಳನ್ನು ಮಳೆಗೆ ಮುನ್ನ ಕೊಯ್ದಿಟ್ಟುಕೊಳ್ಳಬೇಕು. ಡೆಲ್ಲಿ ಕನಕಾಂಬರ ಬೀಜ ಕಟ್ಟುವುದಿಲ್ಲ, ಅದನ್ನು ಕಡ್ಡಿಯಿಂದಲೇ ಬೆಳೆಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಅಂಬರ, ಅರ್ಕಾ ಕನಕ, ಅರ್ಕಾ ಶ್ರೀಯಾ, ಅರ್ಕಾ ಶ್ರಾವ್ಯ, ಅರ್ಕಾ ಚೆನ್ನ ಎಂಬ ತಳಿಗಳನ್ನು ಕೊಟ್ಟಿದೆ. ಎರಡು ತಿಂಗಳ ಸಸಿಗಳನ್ನು ದಿಂಡುಗಳ ಮೇಲೆ 60 ಸೆಂ.ಮೀ. ಸಾಲಿನಲ್ಲಿ 30 ಸೆಂ.ಮೀ.ಗೆ ಒಂದರಂತೆ ನೆಡಬೇಕು. ಡೆಲ್ಲಿಯಾದರೆ 40 ಸೆಂ.ಮೀ. ಅಂತರವಿರಲಿ. ಆಗ ಹತ್ತು ಗುಂಟೆಗೆ ಸುಮಾರು 4,200 ಗಿಡ ಹಿಡಿಯುತ್ತವೆ. ನೆಟ್ಟ ಎರಡು ಮೂರು ತಿಂಗಳಿಗೆ ಹೂ ಆರಂಭ.

ಸುಗಂಧರಾಜದಲ್ಲಿ ಮೊದಲ ಖರ್ಚು ಗಡ್ಡೆಯದು. 45 ಸೆಂ.ಮೀ. ಸಾಲು, 20 ಸೆಂ.ಮೀ. ಅಂತರವಾದರೆ ಹತ್ತು ಗುಂಟೆಗೆ ಸುಮಾರು 11,000 ಗಡ್ಡೆ ಬೇಕು. ಗಡ್ಡೆ 25ರಿಂದ 30 ಗ್ರಾಂ ತೂಗಬೇಕಾದ್ದರಿಂದ ಒಟ್ಟು ತೂಕ 300 ಕಿಲೋ ಮುಟ್ಟುತ್ತದೆ. ಕಿತ್ತ ಗಡ್ಡೆಯನ್ನು ಒಂದು ತಿಂಗಳು ನೆರಳಿನಲ್ಲಿ ಹರಡಿ, ಆಗಾಗ ತಿರುವಿ, ನಂತರ ನೆಡಬೇಕು. ನಾಟಿಯಾದ ಮೂರರಿಂದ ನಾಲ್ಕು ತಿಂಗಳಿಗೆ ಹೂದಂಟು ಬರುತ್ತದೆ. ತಳಿಗಳಲ್ಲಿ ಶೃಂಗಾರ್ ಮತ್ತು ಪ್ರಜ್ವಲ್ ಒಂಟಿ, ಸುವಾಸಿನಿ ಜೋಡಿ. ಇವೂ ಹೆಸರಘಟ್ಟದ ಸಂಸ್ಥೆಯವೇ.

ಎರಡಕ್ಕೂ ಹತ್ತು ಗುಂಟೆಗೆ ಎರಡೂವರೆ ಟನ್ ಕಳಿತ ಕೊಟ್ಟಿಗೆ ಗೊಬ್ಬರ ಬೇಕು. ಸುಗಂಧರಾಜದ ಹಸಿವು ಹೆಚ್ಚು. ಹತ್ತು ಗುಂಟೆಗೆ ಸಾರಜನಕ, ರಂಜಕ, ಪೊಟ್ಯಾಷ್ ತಲಾ 20 ಕಿಲೋ ಕೊಡಬಹುದು. ಸಾರಜನಕವನ್ನು ಒಮ್ಮೆಗೇ ಸುರಿಯದೆ ಮೂರು ಕಂತಾಗಿ ಕೊಡಬೇಕು. ಕನಕಾಂಬರಕ್ಕೆ ಮಣ್ಣು ಪರೀಕ್ಷೆ ಮಾಡಿಸಿ ಅದರಂತೆ ಕೊಡುವುದು ಲೇಸು.

ಬೇರಿನ ಶತ್ರು

ಕನಕಾಂಬರ ಹಾಕಿ ಕೈಸುಟ್ಟುಕೊಂಡವರಲ್ಲಿ ಬಹಳ ಮಂದಿ ಸೋತದ್ದು ಬೆಲೆಯಿಂದಲ್ಲ, ಜಂತುಹುಳುವಿನಿಂದ. ಕಣ್ಣಿಗೆ ಕಾಣದಷ್ಟು ಸಣ್ಣ ಈ ಹುಳು ಬೇರಿನಲ್ಲಿ ಸೇರಿ ರಸ ಹೀರುತ್ತದೆ. ಗಿಡ ಕುಳ್ಳಾಗುತ್ತದೆ, ಎಲೆ ಬಣ್ಣಗೆಡುತ್ತದೆ, ತೆನೆ ಚಿಕ್ಕದಾಗುತ್ತದೆ. ಹುಳು ಕೊರೆದ ಗಾಯದಲ್ಲಿ ಸೊರಗು ರೋಗದ ಶಿಲೀಂಧ್ರವೂ ಹೊಕ್ಕರೆ ಗಿಡ ನಿಂತಲ್ಲೇ ಒಣಗುತ್ತದೆ. ರೈತ ಇದನ್ನು ನೀರಿನ ಕೊರತೆ ಎಂದು ತಿಳಿದು ಮತ್ತಷ್ಟು ನೀರು ಹಾಯಿಸುತ್ತಾನೆ, ಗೊಬ್ಬರ ಹಾಕುತ್ತಾನೆ. ಎರಡರಿಂದಲೂ ಫಲವಿಲ್ಲ.

ಇದನ್ನು ತಿಳಿಯುವ ಬಗೆ ಸುಲಭ. ಸೊರಗುತ್ತಿರುವ ಒಂದು ಗಿಡವನ್ನು ಬೇರು ಸಹಿತ ಕಿತ್ತು ನೀರಿನಲ್ಲಿ ತೊಳೆದು ನೋಡಬೇಕು. ಬೇರಿನಲ್ಲಿ ಗಂಟುಗಳಿದ್ದರೆ ಅಥವಾ ಕಂದು, ಕಪ್ಪು ಮಚ್ಚೆಗಳಿದ್ದರೆ ಜಂತುಹುಳು ಇದೆ ಎಂದೇ ತಿಳಿಯಬೇಕು. ಅಂಥ ಜಾಗದಲ್ಲಿ ಹಳೆಯ ಗಿಡ ಕಿತ್ತು ಹೊಸ ಕನಕಾಂಬರ ನೆಡುವುದು ದೊಡ್ಡ ತಪ್ಪು. ಹುಳು ಮಣ್ಣಿನಲ್ಲೇ ಕಾದಿರುತ್ತದೆ. ಒಂದು ಹಂಗಾಮು ಚೆಂಡು ಹೂ ಬೆಳೆದರೆ ಅದರ ಬೇರಿನಿಂದ ಹೊರಬರುವ ವಸ್ತು ಹುಳುವನ್ನು ತಗ್ಗಿಸುತ್ತದೆ, ಹೂವೂ ಮಾರಾಟವಾಗುತ್ತದೆ. ನಂತರ ನಾಟಿಗೆ ಮುನ್ನ ಹತ್ತು ಗುಂಟೆಗೆ 100 ಕಿಲೋ ಬೇವಿನ ಹಿಂಡಿಯನ್ನು, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮದೊಂದಿಗೆ ಮಣ್ಣಿಗೆ ಸೇರಿಸಬೇಕು. ಸಸಿಮಡಿಯ ಮಣ್ಣಿಗೂ ಇದೇ ಉಪಚಾರ ಆಗಬೇಕು, ಏಕೆಂದರೆ ಹುಳು ಹೊಸ ಹೊಲಕ್ಕೆ ಬರುವುದು ಹೆಚ್ಚಾಗಿ ಸಸಿಯ ಬೇರಿನೊಂದಿಗೆ.

ಸುಗಂಧರಾಜಕ್ಕೂ ಬೇರುಗಂಟು ಹುಳುವಿನ ಬಾಧೆ ಇದೆ. ಶೃಂಗಾರ್ ತಳಿ ಅದನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಗಂಟು ಕಂಡ ತೋಟದ ಗಡ್ಡೆಯನ್ನು ಬಿತ್ತನೆಗೆ ತರಬಾರದು.

ಕೊಯ್ಲು: ಮನೆಯಲ್ಲಿ ಎಷ್ಟು ಕೈಗಳಿವೆ?

ಕನಕಾಂಬರವನ್ನು ದಿನ ಬಿಟ್ಟು ದಿನ ಕೀಳಬೇಕು. ಹತ್ತು ಗುಂಟೆಯಿಂದ ವರ್ಷಕ್ಕೆ ಸುಮಾರು 200 ಕಿಲೋ ಹೂ ಬರುತ್ತದೆ, ಎಂದರೆ ಕೊಯ್ಲಿಗೆ ಸರಾಸರಿ ಒಂದು ಕಿಲೋ. ಕೇಳಲು ಅಲ್ಪವೆನಿಸಬಹುದು. ಆದರೆ ಒಂದು ಕಿಲೋದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೂಗಳಿರುತ್ತವೆ. ಅಷ್ಟನ್ನೂ ಕೈಯಿಂದ ಒಂದೊಂದಾಗಿ ಬಿಡಿಸಬೇಕು. ಈ ಕೆಲಸ ಬಹುಮಟ್ಟಿಗೆ ಮನೆಯ ಹೆಂಗಸರ ಪಾಲಿಗೆ ಬರುತ್ತದೆ. ಆದ್ದರಿಂದ ಬೆಳೆ ಆರಿಸುವಾಗ ಅವರ ಮಾತನ್ನು ಮೊದಲು ಕೇಳುವುದು ನ್ಯಾಯ. ಕೂಲಿಯಿಂದ ಕೀಳಿಸಿದರೆ ಲಾಭದ ಹೆಚ್ಚು ಭಾಗ ಕೂಲಿಗೇ ಹೋಗುತ್ತದೆ. ಮನೆಯಲ್ಲೇ ಕಟ್ಟಿ ಮಾರಿನ ಲೆಕ್ಕದಲ್ಲಿ ಮಾರಿದರೆ ಮಾತ್ರ ನಾಲ್ಕು ಕಾಸು ಉಳಿಯುತ್ತದೆ.

ಸುಗಂಧರಾಜದ ಹೂ ದಪ್ಪ, ತೂಕ ಹೆಚ್ಚು. ಚೆನ್ನಾಗಿ ಸಾಕಿದರೆ ಹತ್ತು ಗುಂಟೆಯಿಂದ ವರ್ಷಕ್ಕೆ ಒಂದು ಟನ್ನಿಗೂ ಮೇಲೆ ಸಿಗುತ್ತದೆ. ಕೀಳುವುದು ಬೇಗ ಮುಗಿಯುತ್ತದೆ, ಆದರೆ ಬೆಳಗಿನ ತಂಪಿನಲ್ಲೇ ಕಿತ್ತು ಕೂಡಲೇ ಮಾರುಕಟ್ಟೆಗೆ ಸಾಗಿಸಬೇಕು. ಆಷಾಢದಲ್ಲಿ ಮದುವೆಗಳಿಲ್ಲದೆ ಬೆಲೆ ಇಳಿಯುತ್ತದೆ. ವರಮಹಾಲಕ್ಷ್ಮಿ ಹಬ್ಬ, ದಸರಾ ಬಂದಾಗ ಏರುತ್ತದೆ. ಸುಗಂಧದ್ರವ್ಯ ತಯಾರಕರಿಗೆ ಕೊಡುವ ಉದ್ದೇಶವಿದ್ದರೆ ನಾಟಿಗೆ ಮೊದಲೇ ದರ ಮಾತಾಡಿಕೊಳ್ಳಬೇಕು.

ತೀರ್ಮಾನ

ಮನೆಯಲ್ಲಿ ಕೀಳುವ, ಕಟ್ಟುವ ಕೈಗಳಿದ್ದು, ತೆಂಗಿನ ನೆರಳಿದ್ದು, ಮಣ್ಣು ಜಂತುಹುಳುವಿನಿಂದ ಮುಕ್ತವಾಗಿದ್ದರೆ ಕನಕಾಂಬರ ಹಾಕಬಹುದು. ಬಯಲು ಜಮೀನು, ನೀರು ಬಸಿಯುವ ಭೂಮಿ, ಬೆಳಗಿನ ಬಸ್ಸಿನ ಅನುಕೂಲ ಮತ್ತು ಗಡ್ಡೆಗೆ ಹಣ ಇದ್ದರೆ ಸುಗಂಧರಾಜ ಸರಿ. ಅನುಮಾನವಿದ್ದವರು ಮೊದಲ ವರ್ಷ ಎರಡೆರಡು ಗುಂಟೆಯಲ್ಲಿ ಎರಡನ್ನೂ ಬೆಳೆದು, ದಿನದ ಕೂಲಿ ಮತ್ತು ಮಾರಾಟದ ಲೆಕ್ಕ ಬರೆದಿಟ್ಟರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಬೇರಿನ ಮೇಲೆ ಗಂಟು ಕಂಡವರು ಗಿಡವನ್ನು ಮಣ್ಣಿನೊಂದಿಗೆ ಚೀಲದಲ್ಲಿ ಕಟ್ಟಿ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ, ಸಲಹೆ ಪಡೆದ ನಂತರವೇ ಮುಂದಿನ ನಾಟಿಗೆ ಕೈಹಾಕಬೇಕು.