ಗಾಡಿ ಚೆನ್ನಾಗಿದೆ, ಆರ್‌ಸಿ ಯಾರ ಹೆಸರಲ್ಲಿದೆ?

ಇವತ್ತು ರಾಜಕೀಯಕ್ಕೆ ರಜೆ. ಇವತ್ತು ಕಾರಿನ ಬಗ್ಗೆ ಮಾತಾಡೋಣ. ಹೊಸ ಕಾರಲ್ಲ, ಶೋರೂಮ್ ಕಾರೂ ಅಲ್ಲ. ನಿಮ್ಮ ಬೀದಿಯಲ್ಲಿ, ಬೇವಿನ ಮರದ ಕೆಳಗೆ ನಿಂತಿರೋ ಸೆಕೆಂಡ್ ಹ್ಯಾಂಡ್ ಕಾರು.

ಭಾನುವಾರ ಬೆಳಗ್ಗೆ ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಯಾವುದಾದರೂ ಟೀ ಅಂಗಡಿ ಮುಂದೆ ಹತ್ತು ನಿಮಿಷ ನಿಂತುಕೊಳ್ಳಿ. ಎದುರಿಗೆ ಒಂದು ಕಾರು ಬಂದು ನಿಂತರೆ ಸಾಕು, ತೀರ್ಪು ಶುರು. "ಮುಂದೆ ಸೂಪರ್ ಅಣ್ಣಾ, ಹಿಂದೆ ಬಾಲ ಕಟ್ ಮಾಡಿದಂಗೆ ಇದೆ." "ಹಳೇ ಮಾಡೆಲ್ಲೇ ಚೆನ್ನಾಗಿತ್ತು, ಇದು ಮೂಗು ಊದಿಕೊಂಡಂಗಿದೆ." "ಎಷ್ಟೇ ಹೇಳು, ಅಂಬಾಸಿಡರ್ ಗತ್ತು ಯಾವುದಕ್ಕೂ ಬರಲ್ಲ." ಹೇಳ್ತಿರೋರ ಹತ್ತಿರ ಕಾರಿರಲ್ಲ, ಒಂದು ಟಿವಿಎಸ್ ಇರುತ್ತೆ. ಆದರೂ ಅಭಿಪ್ರಾಯಕ್ಕೆ ಲೈಸೆನ್ಸ್ ಬೇಕಾ? ಬೇಡ. ನಾನೂ ಅದೇ ಟೀ ಅಂಗಡಿ ಯೂನಿವರ್ಸಿಟಿಯಲ್ಲಿ ಓದಿದವನು. ಎಂಜಿನಿಯರಿಂಗ್ ಕಾಲೇಜು ಆಮೇಲೆ ಬಂತು.

ಆ ಬಾಲ ಕಟ್ ಮಾಡಿದ ಕಾರಿನ ಕಥೆ ಹೇಳ್ತೀನಿ. ಅದು ಡಿಸೈನರ್ ತಪ್ಪಲ್ಲ, ಬಜೆಟ್ ಭಾಷಣದ ಫಲ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿದರು. ಸಣ್ಣ ಕಾರು ಅಂದ್ರೆ ಯಾವುದು? ಉದ್ದ 4 ಮೀಟರ್ ದಾಟಬಾರದು. ಪೆಟ್ರೋಲ್ ಆದರೆ ಎಂಜಿನ್ 1200 ಸಿಸಿ ಒಳಗೆ, ಡೀಸೆಲ್ ಆದರೆ 1500 ಸಿಸಿ ಒಳಗೆ. ಕಂಪನಿಗಳು ಟೇಪು ಹಿಡಿದು ಕೂತವು. 2008ರಲ್ಲಿ ಬಂದ ಮೊದಲ ಡಿಜೈರ್ 4160 ಮಿಲಿಮೀಟರ್ ಇತ್ತು. 2012ರಲ್ಲಿ ಬಂದ ಎರಡನೇ ಡಿಜೈರ್ 3995. ಆ 165 ಮಿಲಿಮೀಟರ್ ಎಲ್ಲಿ ಹೋಯ್ತು? ಡಿಕ್ಕಿಯಲ್ಲಿ ಹೋಯ್ತು. ನೀವು ಟೀ ಕುಡೀತಾ "ಹಿಂದೆ ಚೆನ್ನಾಗಿಲ್ಲ" ಅಂತೀರಲ್ಲ, ಆ ಆಕಾರವನ್ನು ಅರ್ಧ ಬರೆದದ್ದು ಹಣಕಾಸು ಇಲಾಖೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದಾಗಲೂ ಇದೇ 4 ಮೀಟರ್ ಗೆರೆ ಉಳಿಯಿತು. ಗೆರೆಯ ಈ ಕಡೆ ಶೇ. 18, ಆ ಕಡೆ ಶೇ. 40. ಹಾಗಾಗಿ ಬಾಲ ಸದ್ಯಕ್ಕೆ ಬೆಳೆಯಲ್ಲ.

ಇನ್ನೊಂದು ವಿಷಯ. ಕಾರಿನ ಬಗ್ಗೆ ತಲೆ ಕೆಡಿಸಿಕೊಳ್ಳೋದು ನಮ್ಮ ಜಿಲ್ಲೆಯ ಹಳೇ ಕಾಯಿಲೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. 1935ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಯುರೋಪು ಅಮೆರಿಕಾ ಸುತ್ತಿ ಮೋಟಾರು ಕಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೇ ಕಾರು ಮಾಡೋಣ ಅಂತ ಯೋಜನೆ ಬರೆದರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಆ ಯೋಜನೆಯಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರು ಮಾಡಿದರು. ನಮ್ಮಪ್ಪನ ಕಾಲದ ಮದುವೆ ಗಾಡಿ ಪದ್ಮಿನಿ ಇದೆಯಲ್ಲ, ಅದೇ ಕಂಪನಿಯದು. ಮುಂದಿನ ಸಲ ಮುದ್ದೇನಹಳ್ಳಿಗೆ ಹೋದಾಗ ಸಮಾಧಿ ಮುಂದೆ ಕಾರು ನಿಲ್ಲಿಸಿ ಸೆಲ್ಫಿ ತಗೊಳ್ಳೋ ಮೊದಲು ಇದನ್ನು ನೆನಪಿಸಿಕೊಳ್ಳಿ.

ಸರಿ, ನಮ್ಮ ತಾಲ್ಲೂಕುಗಳಿಗೆ ಬರೋಣ. ನಮ್ಮ ಕಡೆ ಗಾಡಿಯ ಅಂದವನ್ನು ನಿರ್ಧರಿಸೋದು ಬೆಳೆ. ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆಗೆ ಬೆಳಗ್ಗೆ ರೇಷ್ಮೆಗೂಡು ತರೋನಿಗೆ ಯಾವ ಗಾಡಿ ಸುಂದರಿ? ಓಮ್ನಿ. ಹಿಂದಿನ ಸೀಟು ತೆಗೆದರೆ ಗೂಡಿನ ಚೀಲ, ಸೀಟು ಹಾಕಿದರೆ ಸಂಸಾರ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದದ್ದು 2019ರವರೆಗೆ ಬಂತು. ಪಟ್ಟಣದೋರು ಅದನ್ನು ಬ್ರೆಡ್ಡು ಅಂದರು, ನಾವು ಮನೆಮಗ ಅಂದೆವು. ಚಿಂತಾಮಣಿ ಕಡೆ ಟೊಮೆಟೊ ಬೆಳೆಯೋರಿಗೆ ಬೊಲೆರೊ. ಅದರ ಮುಖ ನೋಡಿ ಯಾರೂ ಪ್ರೀತಿ ಮಾಡಲ್ಲ, ಹೊಲದ ಬದುವಿನ ಮೇಲೆ ಹತ್ತೋದು ನೋಡಿ ಮಾಡ್ತಾರೆ. ಬಿಡದಿಯಲ್ಲಿ 2000ದಿಂದ ತಯಾರಾದ ಕ್ವಾಲಿಸ್ ಕಥೆಯೂ ಅದೇ. ಬಂದಾಗ ಡಬ್ಬಿ ಅಂತ ನಕ್ಕರು. 2005ರಲ್ಲಿ ನಿಂತುಹೋಯ್ತು. ಈಗಲೂ ಒಂದು ಒಳ್ಳೆ ಕ್ವಾಲಿಸ್ ಮಾರಾಟಕ್ಕಿದೆ ಅಂದ್ರೆ ಮೂರು ಊರಿಂದ ಫೋನ್ ಬರುತ್ತೆ.

ಗೌರಿಬಿದನೂರಿನ ಲೆಕ್ಕವೇ ಬೇರೆ. ಪಕ್ಕದಲ್ಲೇ ಹಿಂದೂಪುರ, ಅಂದ್ರೆ ಆಂಧ್ರ. ಮದುವೆ ಸಂಬಂಧ ಆ ಕಡೆ, ವ್ಯಾಪಾರ ಆ ಕಡೆ, ಗಾಡಿನೂ ಆ ಕಡೆಯಿಂದ. "ಐವತ್ತು ಸಾವಿರ ಕಮ್ಮಿಗೆ ಸಿಕ್ತು ಸಾರ್" ಅಂತಾರೆ. ಯಾಕೆ ಕಮ್ಮಿ ಅಂತ ಕೇಳಿದ್ದೀರಾ? ಬೇರೆ ರಾಜ್ಯದ ಗಾಡಿಯನ್ನು ಇಲ್ಲೇ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೀಬೇಕು. ಅಲ್ಲಿಯ ಆರ್‌ಟಿಓ ಎನ್‌ಓಸಿ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಅದನ್ನೆಲ್ಲ ಕೂಡಿಸಿ ನೋಡಿ, ಆಮೇಲೆ ಹೇಳಿ ಕಮ್ಮಿನಾ ಜಾಸ್ತಿನಾ ಅಂತ.

ಈಗ ಅಲಂಕಾರದ ವಿಷಯ. ಗಾಡಿ ಕೊಂಡ ಮರುದಿನವೇ ಮುಂದೆ ಒಂದು ಕಬ್ಬಿಣದ ಗಾರ್ಡು, ಗಾಜಿಗೆ ಕಪ್ಪು ಫಿಲ್ಮ್, ಎದುರಿಗೆ ಬರೋನ ಕಣ್ಣು ಕುಕ್ಕೋ ಲೈಟು. "ಲುಕ್ ಬರುತ್ತೆ ಸಾರ್." ಎಂಜಿನಿಯರ್ ಆಗಿ ಎರಡು ಮಾತು ಹೇಳ್ತೀನಿ. ಕಾರಿನ ಮುಂಭಾಗ ಮೆದುವಾಗಿರೋದು ಕಂಪನಿ ಮಾಡಿದ ಮೋಸ ಅಲ್ಲ. ಅದು ನಜ್ಜುಗುಜ್ಜಾಗಿ ಹೊಡೆತವನ್ನು ತಾನು ನುಂಗಬೇಕು, ನಿಮಗೆ ಬಿಡಬಾರದು, ಅದಕ್ಕೇ ಹಾಗೆ ಮಾಡಿರೋದು. ಚಾಸಿಗೆ ಬೋಲ್ಟ್ ಹಾಕಿ ಕಬ್ಬಿಣ ಕೂರಿಸಿದರೆ ಹೊಡೆತ ನೇರ ಚಾಸಿಗೆ, ಅಲ್ಲಿಂದ ನಿಮ್ಮ ಎದೆಗೆ. ಏರ್‌ಬ್ಯಾಗ್ ಸೆನ್ಸರ್‌ನ ಲೆಕ್ಕಾಚಾರವೂ ತಪ್ಪಬಹುದು. ರಸ್ತೆ ದಾಟೋ ಮುದುಕನಿಗೆ ತಗುಲಿದರೆ ಕೇಳೋದೇ ಬೇಡ. ಅದಕ್ಕೇ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಈ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಿ ಅಂತ ರಾಜ್ಯಗಳಿಗೆ ಬರೆಯಿತು. ಕಪ್ಪು ಫಿಲ್ಮ್ ಬೇಡ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ನಾವು ಕೇಳಿದೆವಾ?

2023ರ ಅಕ್ಟೋಬರ್ 26ರ ಬೆಳಗ್ಗೆ ನಾನು ಸುದ್ದಿ ಓದಿದ್ದು ನೆನಪಿದೆ. ಚಿಕ್ಕಬಳ್ಳಾಪುರದ ಹತ್ತಿರ ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ಮಂಜಿನಲ್ಲಿ, ನಿಂತಿದ್ದ ಟ್ಯಾಂಕರ್‌ಗೆ ಒಂದು ಸುಮೋ ಹಿಂದಿನಿಂದ ಗುದ್ದಿತು. 13 ಜನ ಹೋದರು. ಕೆಲಸಕ್ಕೆ ಅಂತ ಬೆಂಗಳೂರಿಗೆ ಹೊರಟಿದ್ದವರೂ ಅದರಲ್ಲಿದ್ದರು. ಆ ದಿನ ಯಾವ ಗಾಡಿ ಅಂದ, ಯಾವುದು ಚಂದ ಅನ್ನೋ ಮಾತು ನನ್ನ ಬಾಯಲ್ಲಿ ಬರಲಿಲ್ಲ. ಅದಕ್ಕೇ ಹೇಳೋದು, ಹಳೇ ಗಾಡಿ ಕೊಳ್ಳುವಾಗ ತಯಾರಾದ ವರ್ಷ ನೋಡಿ. ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಲ್ಲಿ, ಡ್ರೈವರ್ ಏರ್‌ಬ್ಯಾಗ್ 2019ರ ಜುಲೈನಲ್ಲಿ. ಅದಕ್ಕಿಂತ ಹಿಂದಿನ ಗಾಡಿಯಾದರೆ ಇವು ಇರಬಹುದು, ಇಲ್ಲದೇ ಇರಬಹುದು. ಅಲಾಯ್ ವೀಲ್ ಇದೆಯಾ ಅಂತ ಕೇಳೋ ಮೊದಲು ಇದನ್ನು ಕೇಳಿ.

ಈಗ ನನ್ನ ಮನೆಯ ಕಥೆ. ನಮ್ಮಪ್ಪ ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ನಾನು ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಗ ಫೀಸಿಗೆ ಅಂತ ನಮ್ಮ ಓಮ್ನಿ ಮಾರಿದರು. ಒಬ್ಬ ಬ್ರೋಕರ್ ಬಂದ, ಎಂಜಿನ್ ನೋಡಿದ, ಬಾಗಿಲು ನಾಲ್ಕು ಸಲ ಬಡಿದ, ದುಡ್ಡು ಎಣಿಸಿ ಕೊಟ್ಟ. ಸ್ಟಾಂಪ್ ಪೇಪರ್ ಮೇಲೆ ಸಹಿ ಆಯ್ತು. "ಆರ್‌ಸಿ ಟ್ರಾನ್ಸ್‌ಫರ್ ನಾನೇ ಮಾಡಿಸ್ತೀನಿ ಯಜಮಾನ್ರೇ" ಅಂದ. ಅಮ್ಮ ಗಾಡಿಗೆ ಕೊನೇ ಸಲ ಕುಂಕುಮ ಇಟ್ಟಳು. ಮುಗೀತು ಅಂದುಕೊಂಡೆವು.

ಎರಡು ವರ್ಷದ ಮೇಲೆ ಬೇರೆ ಜಿಲ್ಲೆಯ ಕೋರ್ಟಿನಿಂದ ನೋಟಿಸ್ ಬಂತು. ಆ ಓಮ್ನಿ ಕೈಯಿಂದ ಕೈಗೆ ಹೋಗಿ, ಯಾರೋ ಓಡಿಸಿ, ಬೈಕಿಗೆ ಗುದ್ದಿ, ಹಿಂದೆ ಕೂತಿದ್ದ ಹುಡುಗನ ಕಾಲು ಹೋಗಿತ್ತು. ವಿಮೆ ಕಟ್ಟಿರಲಿಲ್ಲ. ಕಡತದಲ್ಲಿ ಮಾಲೀಕ ಯಾರು? ನಮ್ಮಪ್ಪ. ಬ್ರೋಕರ್ ಫೋನ್ ಸ್ವಿಚ್ ಆಫ್. ಸ್ಟಾಂಪ್ ಪೇಪರ್ ತೋರಿಸಿದರೆ ವಕೀಲರು ತಲೆ ಅಲ್ಲಾಡಿಸಿದರು. ಕೊನೆಗೆ ಹಿಪ್ಪುನೇರಳೆ ತೋಟದಲ್ಲಿ ಅರ್ಧ ಎಕರೆ ಮಾರಿ ಪರಿಹಾರ ಕಟ್ಟಿದರು. ನನಗೆ ಸಿಟ್ಟು ಬಂದಿತ್ತು. ಅಪ್ಪ ಅಂದಿದ್ದು ಇಷ್ಟೇ: "ಕಾಲು ಹೋದ ಹುಡುಗನದ್ದು ಏನು ತಪ್ಪು? ನಾನು ಒಂದು ದಿನ ಆಫೀಸಿಗೆ ಹೋಗಿ ಬರಬೇಕಾಗಿತ್ತು. ಹೋಗಲಿಲ್ಲ."

ಇದು ನಮ್ಮಪ್ಪನ ಒಬ್ಬರ ಕಥೆ ಅಲ್ಲ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟವಾಗಿ ಹೇಳಿತು. ಅಲ್ಲೂ ಕಾರು ಹಲವು ಕೈ ದಾಟಿತ್ತು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ. ಯಾಕೆ ಹೀಗೆ? ಯೋಚನೆ ಮಾಡಿ. ಗುದ್ದಿಸಿಕೊಂಡು ಬಿದ್ದವನು ಗಾಡಿಯ ಮೂರನೇ ಮಾಲೀಕ, ನಾಲ್ಕನೇ ಮಾಲೀಕ ಅಂತ ಊರೂರು ಹುಡುಕಿಕೊಂಡು ಹೋಗೋಕಾಗುತ್ತಾ? ಕಾನೂನು ಅವನ ಪರ ನಿಂತಿದೆ, ಸರಿಯಾಗಿಯೇ ನಿಂತಿದೆ. ಎಚ್ಚರ ಇರಬೇಕಾದವರು ನಾವು.

ಹಾಗಾದರೆ ಏನು ಮಾಡಬೇಕು? ಪೆನ್ನು ತಗೊಳ್ಳಿ.

ಮಾರೋರು: ಫಾರಂ 29, ಫಾರಂ 30ಕ್ಕೆ ಸಹಿ ಹಾಕಿ, ಆದರೆ ಖಾಲಿ ಫಾರಂಗೆ ಸಹಿ ಹಾಕಬೇಡಿ. ಕೊಳ್ಳೋರ ಹೆಸರು, ದಿನಾಂಕ ತುಂಬಿರಲಿ. ಒಂದೇ ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಚಿಕ್ಕಬಳ್ಳಾಪುರದ್ದು ಕೆಎ 40, ಚಿಂತಾಮಣಿಗೂ ಈಗ ಸ್ವಂತ ನಂಬರು, ಕೆಎ 67. ಕೋಲಾರಕ್ಕೆ ಹೋಗಬೇಕು ಅನ್ನೋ ನೆಪ ಇಲ್ಲ. ಹೆಸರು ಬದಲಾಗಿದೆ ಅಂತ ಆನ್‌ಲೈನ್‌ನಲ್ಲಿ ಕಣ್ಣಾರೆ ನೋಡೋವರೆಗೆ ವ್ಯವಹಾರ ಮುಗಿದಿಲ್ಲ ಅಂತ ತಿಳ್ಕೊಳ್ಳಿ.

ಕೊಳ್ಳೋರು: ಮೊದಲು ಎಂ-ಪರಿವಾಹನ್‌ನಲ್ಲಿ ನಂಬರು ಹಾಕಿ. ವಿಮೆ ಇದೆಯಾ, ಬ್ಯಾಂಕ್ ಸಾಲ ಇದೆಯಾ, ನೋಂದಣಿ ಯಾವಾಗ ಮುಗಿಯುತ್ತೆ, ಎಲ್ಲ ನೋಡಿ. ಸ್ವಂತ ಬಳಕೆಯ ಕಾರಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಸಾಲ ಇದ್ದರೆ ಬ್ಯಾಂಕಿನ ಎನ್‌ಓಸಿ ಮತ್ತು ಫಾರಂ 35 ಇಲ್ಲದೆ ಮುಂದುವರಿಯಬೇಡಿ. ಆಮೇಲೆ ಗಾಡಿ ನೋಡಿ. ಮೀಟರ್ ನಂಬಬೇಡಿ, ಪೆಡಲ್ ರಬ್ಬರ್ ನೋಡಿ. ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಗಾಡಿಯ ಪೆಡಲ್ ನುಣ್ಣಗೆ ಸವೆದಿರಲ್ಲ. 2022ರಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಆಸುಪಾಸು ಎಷ್ಟು ಕಾರುಗಳು ನೀರಲ್ಲಿ ನಿಂತಿದ್ದವು, ನಾವೇ ತೋರಿಸಿದ್ದೆವು. ನೀರು ಕುಡಿದ ಕಾರಿಗೆ ಪಾಲಿಶ್ ಮಾಡಬಹುದು. ಆದರೆ ಸೀಟಿನ ಕೆಳಗಿನ ರೈಲು ತುಕ್ಕು ಹಿಡಿದಿದ್ದರೆ, ಸೀಟ್ ಬೆಲ್ಟ್ ಪೂರ್ತಿ ಎಳೆದಾಗ ತುದಿಯಲ್ಲಿ ಕೆಸರಿನ ಕಲೆ ಕಂಡರೆ, ಕೈಮುಗಿದು ವಾಪಸ್ ಬನ್ನಿ. ಮತ್ತೆ, ಪಕ್ಕದ ಬೀದಿ ಮೆಕ್ಯಾನಿಕ್‌ನನ್ನು ಜೊತೆಗೆ ಕರ್ಕೊಂಡು ಹೋಗಿ. ಅವನಿಗೆ ಕೊಡೋ ಐನೂರು ರೂಪಾಯಿ ದಂಡ ಅಲ್ಲ.

ಇಷ್ಟೆಲ್ಲ ಆದಮೇಲೆ ಟೀ ಅಂಗಡಿಗೆ ಬನ್ನಿ. ಯಾವ ಕಾರಿನ ಮೂಗು ಚೆನ್ನಾಗಿದೆ, ಯಾವುದರ ಬಾಲ ಮೊಂಡು ಅಂತ ಜಗಳ ಆಡೋಣ. ನನ್ನ ಓಟು ಈಗಲೂ ಓಮ್ನಿಗೇ. ನಮ್ಮಪ್ಪ ಆಮೇಲೆ ಒಂದು ಹಳೇ ಆಲ್ಟೊ ತಗೊಂಡರು. ಬಣ್ಣ ಯಾವುದು, ಮಾಡೆಲ್ ಯಾವುದು ಅಂತ ನನ್ನನ್ನು ಕೇಳಲಿಲ್ಲ. ಹೆಸರು ಬದಲಾದ ಆರ್‌ಸಿ ಅಂಚೆಯಲ್ಲಿ ಬಂದ ದಿನ ಫೋನ್ ಮಾಡಿ, "ಬಂತು ಕಣೋ" ಅಂದರು. ಅವತ್ತೇ ಗಾಡಿಗೆ ಪೂಜೆ ಮಾಡಿದ್ದು. ಅದಕ್ಕೂ ಮೊದಲು ಅಲ್ಲ.

ನೀವೂ ಹಾಗೇ ಮಾಡಿ. ನಿಧಾನವಾಗಿ ಓಡಿಸಿ.